ಎರಡನೇ ಪ್ಲೇಯರಿನ ರಿಮೋಟು

ರಂಜಾನ್ ಬರುವ ಮೊದಲು ಶೋಕೇಸ್ ಖಾಲಿ ಮಾಡಿ ಒರೆಸುವುದು ನಮ್ಮ ಮನೆಯ ಪದ್ಧತಿ. ಗಲ್ಫಿನ ಹಣ ಕಂಡ ಬಂಟ್ವಾಳದ ಮನೆಗಳಲ್ಲಿ ಶೋಕೇಸ್ ಅಂದರೆ ಎಂತದು ಅಂತ ನಿಮಗೆ ಗೊತ್ತೇ ಉಂಟು. ಉಪಯೋಗಿಸಬಾರದ ವಸ್ತುಗಳಿಗೆಂದೇ ಕಟ್ಟಿಸಿದ ಗಾಜಿನ ಮನೆ ಅದು. ಯಾರೂ ಚಾ ಕುಡಿಯದ ಚಿನ್ನದ ಅಂಚಿನ ಕಪ್ಪುಗಳು, ಯಾರೂ ಹಚ್ಚಿಕೊಳ್ಳದೆ ಬಾಟ್ಲಿಯೊಳಗೇ ಆರಿ ಅರ್ಧವಾದ ಸೆಂಟು, ಒಮ್ಮೆಯೂ ಸೂಪು ಕಾಣದ ಸೂಪಿನ ಬಟ್ಟಲುಗಳು. "ವಿಶೇಷ ನೆಂಟರು ಬಂದಾಗ ತೆಗೆಯುವ" ಅಂತ ಇಟ್ಟದ್ದು. ಅಷ್ಟು ವಿಶೇಷದ ನೆಂಟರು ಇನ್ನೂ ಹುಟ್ಟಿಲ್ಲ ಅಂತ ಕಾಣ್ತದೆ.

ಈ ಸಲ ನನ್ನ ಸೊಂಟ ಒಪ್ಪಲಿಲ್ಲ. ಸೊಸೆ ರುಬೀನಾ ಸ್ಟೂಲು ಹತ್ತಿದಳು. ನಾನು ಕೆಳಗೆ ಕುರ್ಚಿಯಲ್ಲಿ ಕೂತು ಸೂಪರ್‌ವಿಶನ್ ಮಾಡಿದೆ. ಮೇಲಿನ ಖಾನೆಯ ಹಿಂದಿನಿಂದ ಅವಳೊಂದು ಪ್ಲಾಸ್ಟಿಕ್ ತೊಟ್ಟೆ ಎಳೆದಳು. ಒಳಗೆ ವಯರು ಸುತ್ತಿದ ಬೂದು ಬಣ್ಣದ ಒಂದು ವಸ್ತು.

"ಉಮ್ಮಾ, ಇದೆಂತ? ಟೀವಿದಾ?"

"ವಿಡಿಯೋ ಗೇಮಿನ ರಿಮೋಟು."

"ಯಾರು ಆಡುವುದಿತ್ತು?"

"ನಾನು."

ಅವಳು ನಕ್ಕ ರಭಸಕ್ಕೆ ಸ್ಟೂಲು ಅಲ್ಲಾಡಿತು. "ಸಾಕು ಉಮ್ಮಾ ನಿಮ್ಮ ತಮಾಷೆ! ಇದು ವೇಸ್ಟಾ? ಬಿಸಾಡುವುದಾ?"

(ಮನೆಯಲ್ಲಿ ನಾವು ಮಾತಾಡುವುದು ಬ್ಯಾರಿ ಭಾಷೆ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ದಾರಿಯಲ್ಲಿ ನಗು ಸ್ವಲ್ಪ ಸೋರಿ ಹೋಗಿದ್ದರೆ ಕ್ಷಮಿಸಬೇಕು.)

ವೇಸ್ಟ್. ಆ ಶಬ್ದ ಕೇಳಿದರೆ ನಾನು ಈಗಲೂ ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳುತ್ತೇನೆ. ನನ್ನ ತವರು ಮೂಡುಬಿದಿರೆ. ತಂದೆ ಬಟ್ಟೆ ವ್ಯಾಪಾರಿ. ಸಿಸ್ಟರುಗಳ ಹತ್ತಿರ ಮಗಳು ನಾಲ್ಕು ಅಕ್ಷರ ಇಂಗ್ಲಿಷ್ ಕಲಿಯಲಿ ಅಂತ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅಲ್ಲಿ ಸಿಸ್ಟರ್ ಫಿಲೋಮಿನಾ ಅಂತ ಒಬ್ಬರಿದ್ದರು. ಅವರ ಸೊಂಟದ ಜಪಮಾಲೆಯ ಸದ್ದು ವರಾಂಡದ ಆ ತುದಿಯಲ್ಲಿ ಕೇಳಿದರೆ ಈ ತುದಿಯಲ್ಲಿ ನಮ್ಮ ಕಲ್ಲಾಟ ನಿಲ್ಲುತ್ತಿತ್ತು. "ಟೈಮ್, ಗರ್ಲ್ಸ್, ಟೈಮ್! ವೇಸ್ಟ್ ಮಾಡಿದ ಟೈಮ್ ವಾಪಸ್ ಸಿಗುವುದಿಲ್ಲ!" ಕಲ್ಲಾಟ ಆಡಿದ ತಪ್ಪಿಗೆ 'ನಾನು ಸಮಯ ಹಾಳು ಮಾಡುವುದಿಲ್ಲ' ಅಂತ ಇಂಗ್ಲಿಷಿನಲ್ಲಿ ಸ್ಲೇಟು ತುಂಬಾ ಬರೆಯಬೇಕಿತ್ತು. ಬರೆದು, ತೋರಿಸಿ, ಉಜ್ಜಿ, ಪುನಃ ಬರೆಯಬೇಕು. ಆ ಬರೆಯುವುದರಲ್ಲಿ ಎಷ್ಟು ಟೈಮ್ ಹಾಳಾಯಿತೆಂದು ಸಿಸ್ಟರಿಗೆ ಹೊಳೆಯಲಿಲ್ಲ. ನನಗೂ ಹೊಳೆದದ್ದು ಮುದುಕಿಯಾದ ಮೇಲೆಯೇ.

ಹೀಗೆ ತಯಾರಾದ ನಾನು ಮದುವೆಯಾಗಿ ಬಂಟ್ವಾಳಕ್ಕೆ ಬಂದೆ. ನನ್ನ ಗಂಡ ಹಮೀದ್ ಮದುವೆಯಾದ ವರ್ಷವೇ ಗಲ್ಫಿಗೆ ಹೋದರು. ನಂತರ ಎರಡು ವರ್ಷಕ್ಕೊಮ್ಮೆ, ಕೆಲವೊಮ್ಮೆ ಮೂರು ವರ್ಷಕ್ಕೊಮ್ಮೆ, ಎರಡು ತಿಂಗಳ ರಜೆ. ಗಲ್ಫಿನವರ ರಜೆ ಕಂಡಿದ್ದೀರಲ್ಲ? ಮೊದಲ ತಿಂಗಳು ಊರಿಡೀ ಕೇಳುವುದು "ಯಾವಾಗ ಬಂದದ್ದು?" ಎರಡನೆಯ ತಿಂಗಳು ಅದೇ ಜನ "ಯಾವಾಗ ಹೋಗುವುದು?" ಈ ಎರಡು ಪ್ರಶ್ನೆಗಳ ಮಧ್ಯೆ ಹೆಂಡತಿಗೆ ಏನಾದರೂ ಕೇಳಲಿಕ್ಕೆ ಸಂದು ಸಿಗಬೇಕು.

ಬಂದ ಮರುದಿನ ಪೆಟ್ಟಿಗೆ ಬಿಚ್ಚುವ ಗೌಜಿ. ಚಾವಡಿಯ ನಡುವೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ಕುರ್ಚಿ ಹಾಕಿ ಕೂತ ನನ್ನ ಅತ್ತೆ. ನಾವೆಲ್ಲ ಮಾಮಿ ಅಂತ ಕರೆಯುತ್ತಿದ್ದೆವು. ಯಾವ ಸಾಬೂನು ಯಾರಿಗೆ, ಯಾವ ಬಟ್ಟೆ ಬೆಳ್ತಂಗಡಿಯ ಮಗಳಿಗೆ, ಯಾವ ಟಾರ್ಚು ನೆರಿಯದ ತಮ್ಮನಿಗೆ, ಎಲ್ಲ ಮಾಮಿಯ ಬಾಯಿಂದಲೇ ಬರಬೇಕು. ತೊಂಬತ್ತರ ದಶಕದ ಅಂಥ ಒಂದು ಪೆಟ್ಟಿಗೆಯ ಅಡಿಯಿಂದ ಈ ವಿಡಿಯೋ ಗೇಮ್ ಎದ್ದು ಬಂತು. ನಮ್ಮ ಮಗ ನೌಫಲನಿಗೆ ಅಂತ ತಂದದ್ದು. ಅವನು ಕೆಲವು ದಿನ ಗಂಟಲು ಹರಿಯುವಷ್ಟು ಕೂಗಿ ಆಡಿದ. ಆಮೇಲೆ ಹೊಳೆಬದಿಯ ಹೊಯ್ಗೆಯಲ್ಲಿ ಕ್ರಿಕೆಟ್ ಶುರುವಾಯಿತು, ಇದನ್ನು ಬಿಟ್ಟೇಬಿಟ್ಟ.

ಒಂದು ಮಧ್ಯಾಹ್ನ, ಊಟವಾಗಿ ಮಾಮಿ ಒಳಗೆ ಅಡ್ಡಬಿದ್ದ ಹೊತ್ತಿನಲ್ಲಿ, ನಮ್ಮವರು ಟೀವಿಯ ಎದುರು ಚಾಪೆ ಹಾಕಿ ಕೂತಿದ್ದರು. ನಾನು ಹಪ್ಪಳದ ಡಬ್ಬ ಹಿಡಿದುಕೊಂಡು ಆಚೆ ಹೋಗುತ್ತಿದ್ದೆ.

"ಜಮೀಲಾ, ಇದೊಂದು ಹಿಡಿ ಮಾರಾಯ್ತಿ. ಒಬ್ಬನಿಂದ ಆಗುವುದಿಲ್ಲ ಇದು."

"ನನಗೆಂತ ಗೊತ್ತುಂಟು? ಮಕ್ಕಳ ಆಟ."

"ಗೊತ್ತಾಗಲಿಕ್ಕೆ ಎಂತದೂ ಇಲ್ಲ. ಕೂತುಕೋ."

ಟ್ಯಾಂಕಿನ ಆಟ. ಇಟ್ಟಿಗೆ ಗೋಡೆಗಳ ಒಂದು ಅಂಗಳ. ಕೆಳಗೆ ನಡುವಿನಲ್ಲಿ ಒಂದು ಗೂಡು, ಗೂಡಿನಲ್ಲಿ ಹಕ್ಕಿ. ಮೇಲಿನಿಂದ ಶತ್ರು ಟ್ಯಾಂಕುಗಳು ಬರುತ್ತವೆ. ಹಳದಿ ಟ್ಯಾಂಕಿನವನೂ ಹಸಿರು ಟ್ಯಾಂಕಿನವನೂ ಸೇರಿ ಹಕ್ಕಿಯನ್ನು ಕಾಯಬೇಕು. ಅವರು ನನಗೆ ಹಳದಿ ಕೊಟ್ಟರು, ಅದು ಒಂದನೇ ಪ್ಲೇಯರ್. ತಾವು ಎರಡನೇದು ಹಿಡಿದರು. ನಾನು ಮೊದಲು ಹೊಡೆದ ಗುಂಡು ನೇರ ನಮ್ಮ ಹಕ್ಕಿಗೇ ಬಿತ್ತು. ಆಟ ಮುಗಿಯಿತು.

"ನಮ್ಮ ಮನೆಯನ್ನೇ ಹೊಡೆದೆಯಲ್ಲ ಮಾರಾಯ್ತಿ!"

"ಪಾರ್ಡನ್," ಅಂದೆ. ಗಾಬರಿಯಾದರೆ ನನ್ನ ಬಾಯಿಂದ ಕಾನ್ವೆಂಟೇ ಬರುವುದು.

ಆವತ್ತಿನಿಂದ ಲುಹರಿನ ನಮಾಜು ಮುಗಿದು ಸಂಜೆಯ ಅಸರಿನ ಬಾಂಗ್ ಕೇಳುವವರೆಗಿನ ಆ ಮಧ್ಯಾಹ್ನದ ತುಂಡು ನಮ್ಮದಾಯಿತು. ಬಾಂಗ್ ಕೇಳಿದ ಕೂಡಲೇ ಆಟ ತಡೆಯುವ ಪಾಝ್ ಬಟನು. ಟ್ಯಾಂಕುಗಳು ನಿಂತಲ್ಲೇ ನಿಲ್ಲುತ್ತಿದ್ದವು, ಅವಕ್ಕೂ ಸ್ವಲ್ಪ ಭಕ್ತಿ ಉಂಟು ಅನ್ನುವ ಹಾಗೆ.

ಈಗ ಒಂದು ವಿಷಯ ಹೇಳುತ್ತೇನೆ, ನಗಬೇಡಿ. ಮದುವೆಯಾಗಿ ಅಷ್ಟು ವರ್ಷವಾದರೂ ನಾವಿಬ್ಬರು ಕೂತು ಮಾತಾಡಿದ್ದು ಇರಲಿಲ್ಲ. ಜಗಳದಿಂದ ಅಲ್ಲ, ಜಗಳವಾಡಲಿಕ್ಕೂ ಪರಿಚಯ ಬೇಕಲ್ಲ? ಪ್ರತಿ ರಜೆಯಲ್ಲಿ ಅವರು ಹೊಸ ನೆಂಟರ ಹಾಗೆ ಬರುತ್ತಿದ್ದರು. ಸಂಕೋಚ ಹೋಗುವಷ್ಟರಲ್ಲಿ ಟಿಕೆಟು ಕನ್ಫರ್ಮ್ ಆಗುತ್ತಿತ್ತು. ಮುಖ ನೋಡಿ ಮಾತಾಡಲಿಕ್ಕೆ ಇಬ್ಬರಿಗೂ ಬರುತ್ತಿರಲಿಲ್ಲ. ಆದರೆ ಇಬ್ಬರ ಕಣ್ಣೂ ಟೀವಿಯ ಮೇಲಿರುವಾಗ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಅಲ್ಲಿ ನನಗೆ ಕೂತು ಮಾಡುವ ಕೆಲಸ ಅಲ್ಲ ಜಮೀಲಾ. ಎಡಗಡೆ ನೋಡಿಕೋ, ಒಬ್ಬ ಇಳಿದ."

"ಕಂಡಿತು. ಮತ್ತೆ? ಮ್ಯಾನೇಜರ್ ಅಂತ ಹೇಳ್ತಾರಲ್ಲ ಮಾಮಿ?"

"ಉಮ್ಮ ಹೇಳಿದ್ದು ಅದು, ನಾನು ಹೇಳಿದ್ದಲ್ಲ. ಕೋಲ್ಡ್ ಸ್ಟೋರೇಜ್. ಕೋಳಿಯ ಪೆಟ್ಟಿಗೆ ಎತ್ತಿ ಇಡುವುದು. ಹೊಡಿ, ಹೊಡಿ, ಹತ್ತಿರ ಬಂತು!"

"ಹೊಡೆದೆ. ಕೈಗೆ ಚಳಿ ಆಗುವುದಿಲ್ಲವಾ?"

"ಗ್ಲೌಸ್ ಕೊಡ್ತಾರೆ. ಹೊರಗೆ ಬಂದರೆ ಬೆಂಕಿ, ಒಳಗೆ ಹೋದರೆ ಮಂಜು. ಅಯ್ಯೋ, ನನಗೆ ಯಾಕೆ ಹೊಡೆದದ್ದು ನೀನು?"

"ಪಾರ್ಡನ್."

ಅವರು ಪೆರ್ನಾಲ್ ಹಬ್ಬಕ್ಕೆ ಒಬ್ಬರೇ ಹೋಟೆಲಿನಲ್ಲಿ ಉಂಡದ್ದು, ನೌಫಲ್ ಹುಟ್ಟಿದ ಸುದ್ದಿ ತಿಳಿದ ದಿನ ರಜೆ ಸಿಗದೆ ಕೋಳಿ ಪೆಟ್ಟಿಗೆಗಳ ಮಧ್ಯೆ ನಿಂತು ಅತ್ತದ್ದು, ಎಲ್ಲ ನನಗೆ ಗೊತ್ತಾದದ್ದು ಆ ಚಾಪೆಯ ಮೇಲೆ. ನಾನೂ ಹೇಳಿದೆ. ಪಾಸಾಗಿದ್ದರೂ ತಂದೆ ನನ್ನನ್ನು ಕಾಲೇಜಿಗೆ ಕಳಿಸದೆ ಇದ್ದದ್ದು. ಮಾಮಿ ಒಳ್ಳೆಯವರೇ, ಆದರೆ ಎದುರಿಗೆ ಇಂಗ್ಲಿಷ್ ಪೇಪರ್ ಓದಿದರೆ "ಮೀನಿನ ಲೆಕ್ಕ ಬರೆದದ್ದುಂಟಾ ಅದರಲ್ಲಿ?" ಅಂತ ಕೇಳುವುದು. ನಮ್ಮವರು ಟ್ಯಾಂಕು ತಿರುಗಿಸುತ್ತಾ "ಹ್ಞೂಂ, ಹ್ಞೂಂ" ಅನ್ನುತ್ತಿದ್ದರು. ಸಿಸ್ಟರ್ ಫಿಲೋಮಿನಾ ಬಿಟ್ಟರೆ ನನ್ನ ಮಾತನ್ನು ಪೂರ್ತಿ ಕೇಳಿದವರು ಅವರೊಬ್ಬರೇ. ಸಿಸ್ಟರ್ ಕೇಳಿದ್ದು ಗ್ರಾಮರಿನ ತಪ್ಪು ಹಿಡಿಯಲಿಕ್ಕೆ.

ಆಟದಲ್ಲಿ ಇನ್ನೊಂದು ಅನುಕೂಲವಿತ್ತು. ಒಬ್ಬರ ಲೈಫೆಲ್ಲ ಮುಗಿದರೆ ಒಂದು ಬಟನು ಒತ್ತಿ ಮತ್ತೊಬ್ಬರ ಲೈಫಿನಿಂದ ಒಂದು ತೆಗೆದುಕೊಳ್ಳಬಹುದು. "ಒಂದು ಲೈಫ್ ಕೊಡು ಮಾರಾಯ್ತಿ" ಅನ್ನುತ್ತಿದ್ದರು ಪ್ರತಿ ಸಲ. "ತೆಗೆದುಕೊಳ್ಳಿ, ಕೇಳುವುದೆಂತ ಅದರಲ್ಲಿ?" ಅನ್ನುತ್ತಿದ್ದೆ ನಾನು.

ಮುಂದೆ ಒಂದು ಸ್ಟೇಜಿತ್ತು. ಅಂಗಳದ ನಡುವೆ ಅಡ್ಡಕ್ಕೆ ನೀಲಿ ನೀರು. ಅದಕ್ಕೆ ನಾವು ನೇತ್ರಾವತಿ ಅಂತ ಹೆಸರಿಟ್ಟೆವು. ಎಷ್ಟು ಆಡಿದರೂ ಅಲ್ಲಿಗೆ ಬಂದು ಸಾಯುವುದು. ಆಚೆಗೆ ಎಂತ ಉಂಟು ಅಂತ ನೋಡಲಿಕ್ಕೆ ಆಗಲೇ ಇಲ್ಲ. ಅಷ್ಟರಲ್ಲಿ ರಜೆ ಮುಗಿಯಿತು. ಕಾರಿಗೆ ಪೆಟ್ಟಿಗೆ ಏರಿಸಿದ ಮೇಲೆ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ, ನನ್ನ ಹತ್ತಿರ ಬಂದು ಮೆಲ್ಲ ಹೇಳಿದರು: "ಪ್ರಾಕ್ಟೀಸ್ ಮಾಡಿ ಇಡು. ಮುಂದಿನ ಸಲ ಬಂದಾಗ ನೇತ್ರಾವತಿ ದಾಟುವ."

ಬೇರೆ ಹೆಂಡತಿಯರಿಗೆ ಗಂಡಂದಿರು ಹೋಗುವಾಗ ಎಂತ ಹೇಳುತ್ತಾರೋ ನನಗೆ ಗೊತ್ತಿಲ್ಲ.

ನಾನು ಪ್ರಾಕ್ಟೀಸ್ ಮಾಡಿದೆ. ಆಂಟೆನಾದ ವಯರು ಕಿತ್ತು ಗೇಮಿನ ವಯರು ಸಿಕ್ಕಿಸಿ, ಮಧ್ಯಾಹ್ನ ಮಧ್ಯಾಹ್ನ ಕೂತೆ. ಒಬ್ಬರೇ ಆಡುವ ಸೌಕರ್ಯ ಅದರಲ್ಲಿತ್ತು, ಆದರೆ ನಾನು ಇಬ್ಬರ ಆಟವನ್ನೇ ಹಾಕುತ್ತಿದ್ದೆ. ಹಸಿರು ಟ್ಯಾಂಕು ಹಕ್ಕಿಯ ಪಕ್ಕದಲ್ಲಿ ಅಲ್ಲಾಡದೆ ನಿಂತಿರುತ್ತಿತ್ತು. ನಾನು ಹಕ್ಕಿಯನ್ನೂ ಕಾಯಬೇಕು, ಅದನ್ನೂ ಕಾಯಬೇಕು. ಮಾಮಿ ಬಾಗಿಲಲ್ಲಿ ನಿಂತು, "ಕಾನ್ವೆಂಟಿನಲ್ಲಿ ಕಲಿತದ್ದು ಇದನ್ನಾ?" ಅನ್ನುತ್ತಿದ್ದರು. ಒಂದು ಮಳೆಗಾಲ ನೇತ್ರಾವತಿ ಉಕ್ಕಿ ನಮ್ಮ ಮೆಟ್ಟಿಲಿಗೆ ಬಂತು, ನಿಜವಾದ ನೇತ್ರಾವತಿ. ಎಲ್ಲರೂ ಸಾಮಾನು ಅಟ್ಟಕ್ಕೆ ಹಾಕುವ ಗಡಿಬಿಡಿಯಲ್ಲಿದ್ದರು. ನಾನು ಮೊದಲು ಹೊತ್ತುಕೊಂಡು ಹೋದದ್ದು ಯಾವುದನ್ನು ಅಂತ ಮಾಮಿ ಬದುಕಿರುವವರೆಗೂ ನೆಂಟರಿಗೆ ಹೇಳುತ್ತಿದ್ದರು: "ಅಕ್ಕಿ ಕೆಳಗೆ ನೀರಿನಲ್ಲಿ, ನಮ್ಮ ಸೊಸೆಯ ಟ್ಯಾಂಕು ಮೇಲೆ ಅಟ್ಟದಲ್ಲಿ!"

ಕ್ಯಾಸೆಟಿನ ಕಥೆ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ಫೋನು ದುಬಾರಿಯಾಗಿದ್ದ ಆ ಕಾಲದಲ್ಲಿ ನಾವು ಟೇಪ್ ರೆಕಾರ್ಡರಿನಲ್ಲಿ ಮಾತು ತುಂಬಿಸಿ, ಗಲ್ಫಿಗೆ ಹೋಗುವವರ ಕೈಯಲ್ಲಿ ಉಪ್ಪಿನಕಾಯಿಯ ಜೊತೆ ಕಳಿಸುತ್ತಿದ್ದೆವು. ಮೊದಲು ಮಾಮಿ, ಅವರ ಸೊಂಟನೋವು, ಆಮೇಲೆ ನೌಫಲನ ಮಾರ್ಕು, ಕೊನೆಯಲ್ಲಿ ಟೇಪು ಉಳಿದರೆ ಹೆಂಡತಿ. ಎಲ್ಲರೂ ಸುತ್ತ ಕೂತಿರುವಾಗ ಹೆಂಡತಿ ಎಂತ ಹೇಳುವುದು? "ನಾವು ಸುಖದಲ್ಲಿದ್ದೇವೆ. ನಿಮ್ಮ ಸುಖಕ್ಕೆ ದುವಾ ಮಾಡ್ತೇವೆ." ಅಷ್ಟೆ. ಅದಕ್ಕೆ ಒಂದು ಸಲ ನಾನು ಬುದ್ಧಿವಂತಿಕೆ ಮಾಡಿದೆ. ಉಳಿದ ಟೇಪಿನಲ್ಲಿ ಮಾತಿನ ಬದಲು ನನ್ನ ಪ್ರಾಕ್ಟೀಸನ್ನೇ ತುಂಬಿಸಿದೆ. ಪ್ರೋಗ್ರೆಸ್ ಅವರೇ ಕೇಳಲಿ ಅಂತ.

ಅಲ್ಲಿನ ರೂಮಿನ ಪದ್ಧತಿ ನನಗೆ ಗೊತ್ತಿರಲಿಲ್ಲ. ಊರಿನಿಂದ ಯಾರಿಗೆ ಕ್ಯಾಸೆಟು ಬಂದರೂ ರೂಮಿನವರೆಲ್ಲ ಸೇರಿ ಕೇಳುವುದಂತೆ. ಒಬ್ಬನ ತಾಯಿಯ ದನಿ ಎಲ್ಲರಿಗೂ ತಾಯಿಯ ದನಿ. ನಮ್ಮವರು ಡ್ಯೂಟಿಯಲ್ಲಿದ್ದರು. ಉಳಿದವರು ಆಸೆ ತಡೆಯದೆ ಕ್ಯಾಸೆಟು ಹಾಕಿದರು. ಮಾಮಿಯ ಸೊಂಟ ಮುಗಿಯಿತು, ಮಾರ್ಕು ಮುಗಿಯಿತು. ಆಮೇಲೆ ಒಮ್ಮೆಲೇ ಢಂ ಢಂ ಅಂತ ಗುಂಡಿನ ಸದ್ದು. ಅದರ ಮಧ್ಯೆ ಒಬ್ಬಳು ಹೆಂಗಸು ಕಿರುಚುವುದು: "ಅಯ್ಯೋ ಬಂದರು! ಎಡಗಡೆಯಿಂದ ಬಂದರು! ಗೋಡೆ ಒಡೆದರು! ಹೋಯಿತು, ಮನೆ ಹೋಯಿತು!" ಕೊನೆಗೆ ಒಂದು ಢಮಾರ್. ಟೇಪು ಖಾಲಿ.

ಬೆಳ್ತಂಗಡಿ ಕಡೆಯ ಒಬ್ಬ ರೂಮಿನಿಂದ ಬರಿಗಾಲಿನಲ್ಲಿ ಫೋನಿಗೆ ಓಡಿದನಂತೆ. ನಮ್ಮ ಮನೆಯ ಹತ್ತಿರದ ಅಂಗಡಿಗೆ ಕಾಲ್ ಬಂತು. ಅಂಗಡಿಯ ಇಬ್ರಾಹಿಂಕ ಅಲ್ಲಿಂದಲೇ ಕೂಗಿ ಕೇಳಿದರು: "ಜಮೀಲಾ, ನಿಮ್ಮ ಮನೆ ಉಂಟಾ ಅಂತ ಕೇಳ್ತಾರೆ!"

"ಉಂಟಲ್ಲ!"

"ಉಂಟಂತೆ!" ಅಂತ ಅವರು ಫೋನಿಗೆ ಹೇಳಿದರು.

ನಮ್ಮವರು ಡ್ಯೂಟಿ ಮುಗಿಸಿ ಬಂದಾಗ ಕಥೆ ಕೇಳಿ, ಕ್ಯಾಸೆಟು ಹಾಕಿ, ಮಂಚದ ಮೇಲೆ ಬಿದ್ದು ಬಿದ್ದು ನಕ್ಕರಂತೆ. ಮುಂದಿನ ಕ್ಯಾಸೆಟಿನಲ್ಲಿ ತಾಯಿಗೆ ಸಲಾಂ ಹೇಳಿ, ಔಷಧಿಯ ವಿಷಯ ಹೇಳಿ, ಕೊನೆಗೆ, "ಜಮೀಲಾ, ಬಲಗಡೆಯೂ ನೋಡಬೇಕು ನೀನು" ಅಂದಿದ್ದರು. ಮಾಮಿ "ಬಲಗಡೆ ಎಂತ ಉಂಟು?" ಅಂತ ಒಂದು ವಾರ ನನ್ನ ಬಲಗಡೆಯನ್ನೇ ನೋಡುತ್ತಿದ್ದರು.

ಕೆಲವು ತಿಂಗಳಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ ನೇತ್ರಾವತಿಯವರೆಗೆ ಕಣ್ಣು ಮುಚ್ಚಿಯೂ ಹೋಗಬಲ್ಲೆ. ನೀಲಿ ನೀರು ಕಂಡ ಕೂಡಲೇ ನಾನು ಸ್ವಿಚ್ ಆಫ್ ಮಾಡುತ್ತಿದ್ದೆ. ದಾಟುವಷ್ಟು ಧೈರ್ಯ ಬಂದ ಮೇಲೂ ಆಫ್ ಮಾಡುತ್ತಿದ್ದೆ. ಅದು ಇಬ್ಬರ ಸ್ಟೇಜು, ಅವರು ಬಂದ ಮೇಲೆ. ಶೋಕೇಸಿನ ಮನೆಯ ಸೊಸೆ ಅಲ್ಲವಾ ನಾನು?

ಮುಂದಿನ ರಜೆ ಬಂತು. ಬೆಳ್ತಂಗಡಿಯ ನಾದಿನಿಯ ಮಗಳ ಮದುವೆ ಆ ರಜೆಗೆಂದೇ ಇಟ್ಟದ್ದು. ಗಂಡಿನ ಕಡೆಯವರನ್ನು ಕಾಣುವುದು, ಕಲ್ಲಡ್ಕದಲ್ಲಿ ಅಡುಗೆಯ ಪಾತ್ರೆ ಬಾಡಿಗೆಗೆ ಮಾತಾಡುವುದು, ಮೂಡುಬಿದಿರೆಗೆ ನನ್ನ ತವರಿನವರನ್ನು ಕರೆಯಲಿಕ್ಕೆ ಹೋಗುವುದು. "ನಾಳೆ ಆಡುವ ಜಮೀಲಾ." ಮರುದಿನ ಪುನಃ, "ನಾಳೆ ಖಂಡಿತ." ಹೊರಡುವ ಹಿಂದಿನ ಮಧ್ಯಾಹ್ನ ಕೊನೆಗೂ ಇಬ್ಬರೂ ಕೂತೆವು. ಅವರು ರಿಮೋಟು ಕೈಗೆ ತೆಗೆದುಕೊಂಡರು, ಟ್ಯೂನು ಶುರುವಾಯಿತು, ಕರೆಂಟು ಹೋಯಿತು. ಬಂಟ್ವಾಳದ ಕರೆಂಟು! ಸ್ವಲ್ಪ ಹೊತ್ತು ಕಪ್ಪು ಟೀವಿಯ ಎದುರು ಕೂತೆವು. ಅದರ ಗಾಜಿನಲ್ಲಿ ನಾವಿಬ್ಬರೂ ಕಾಣುತ್ತಿದ್ದೆವು. ನೋಡಲಿಕ್ಕೆ ಸ್ಟೇಜು ಇಲ್ಲದೆ ಇಬ್ಬರಿಗೂ ಮಾತು ಬರಲಿಲ್ಲ. ಆಗ ಯಾರೋ ಬಾಗಿಲಲ್ಲಿ, "ಹಮೀದಾಕ, ನಾಳೆ ಹೋಗುವುದಂತಲ್ಲ?"

ಅದರ ನಂತರದ ರಜೆ ಮನೆಗೆ ಮಾಳಿಗೆ ಕಟ್ಟಿಸುವುದರಲ್ಲಿ ಹೋಯಿತು. ಅದರ ನಂತರದ್ದು ಮಾಮಿಯ ಕಾಯಿಲೆಯಲ್ಲಿ, ಅವರನ್ನು ಮಣ್ಣು ಮಾಡುವುದರಲ್ಲಿ. "ಇನ್ನು ಪೂರ್ತಿ ಊರಿಗೇ ಬರ್ತೇನಲ್ಲ, ಆಗ ದಿನಾ ಆಡುವ" ಅಂದರು. ಸರಿ ಅಂದೆ. ಗಲ್ಫಿನ ಮನೆಗಳಲ್ಲಿ ಎಲ್ಲವೂ "ಪೂರ್ತಿ ಊರಿಗೆ ಬಂದ ಮೇಲೆ" ಅನ್ನುವುದರ ಕಡೆಗೆ ಇರುತ್ತದೆ. ನಾನು ಪ್ರಾಕ್ಟೀಸ್ ಬಿಡಲಿಲ್ಲ. ಹಳದಿಯ ರಿಮೋಟಿನ ಬಟನು ಒಳಗೆ ಕುಸಿದುಹೋದಾಗ ಬೀಡಿ ಕಾಗದ ಮಡಚಿ ಅದರ ಅಡಿಯಲ್ಲಿ ಇಟ್ಟೆ.

ಪೂರ್ತಿ ಊರಿಗೆ ಬಂದರು, ಎರಡು ಸಾವಿರ ಇಸವಿ ಕಳೆದು ಕೆಲವು ವರ್ಷಕ್ಕೆ. ಪೆಟ್ಟಿಗೆ ಬಿಚ್ಚಿ ಹಂಚಲಿಕ್ಕೆ ಮಾಮಿ ಇರಲಿಲ್ಲ. ನೆಂಟರು ಬರುವುದು ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ನಾನೇ ಚಾಪೆ ಹಾಕಿದೆ, ವಯರು ಸಿಕ್ಕಿಸಿದೆ, ಅವರ ಕೈಗೆ ಎರಡನೇ ರಿಮೋಟು ಕೊಟ್ಟೆ. ಟ್ಯೂನು ಕೇಳಿ ಅವರ ಮುಖ ಅರಳಿತು. ಹೆಬ್ಬೆರಳು ಬಟನಿನ ಮೇಲೆ ಸರಿಯಾಗಿಯೇ ಹೋಗಿ ಕೂತಿತು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಜಮೀಲಾ, ಇದರಲ್ಲಿ ನಾನು ಯಾವುದು?"

"ಹಸಿರಿನದ್ದು, ಯಾವಾಗಿನ ಹಾಗೆ."

"ಹಸಿರು ಯಾವುದು?"

ಅವರಿಗೆ ಸಕ್ಕರೆ ಕಾಯಿಲೆ ಉಂಟು ಅಂತ ಗೊತ್ತಿತ್ತು. ಅದು ಕಣ್ಣಿಗೆ ಇಳಿದದ್ದು ಗೊತ್ತಿರಲಿಲ್ಲ. ಅಲ್ಲಿ ಗೊತ್ತಾದರೆ ಕೆಲಸ ಹೋಗುತ್ತದೆಂದು ಯಾರಿಗೂ ಹೇಳದೆ, ಮಾಳಿಗೆಯ ಸಾಲ ತೀರುವವರೆಗೆ ಎಳೆದಿದ್ದರು. ಡಾಕ್ಟರು ಬಹಳ ಲೇಟಾಯಿತು ಅಂದರು.

ನಾನು ಅವರ ಕಣ್ಣಾಗಲಿಕ್ಕೆ ನೋಡಿದೆ. "ಬಲಕ್ಕೆ... ಇನ್ನೂ ಬಲಕ್ಕೆ... ಈಗ ಹೊಡೆಯಿರಿ!" ಅವರು ಹೊಡೆದರು. ಗುಂಡು ನೇರ ಹಕ್ಕಿಗೆ ಬಿತ್ತು.

"ಎಂತಾಯಿತು?"

"ನಮ್ಮ ಮನೆಯನ್ನೇ ಹೊಡೆದಿರಿ."

"ಪಾರ್ಡನ್," ಅಂದರು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ರಿಮೋಟನ್ನು ಮೆಲ್ಲ ಕೆಳಗಿಟ್ಟರು. "ನೀನು ಆಡು. ನನಗೆ ಕೇಳಿದರೆ ಸಾಕು. ಅಲ್ಲಿ ಇಷ್ಟು ವರ್ಷ ಕೇಳಿಯೇ ಆಡಿದ್ದಲ್ಲವಾ ನಾನು?" ಅವರ ಚೀಲದಲ್ಲಿ ಆ ಕ್ಯಾಸೆಟು ಇತ್ತು, ನನ್ನ ಕಿರುಚಾಟದ್ದು. ಟೇಪು ಸವೆದು, ಗುಂಡಿನ ಸದ್ದು ಮಳೆ ಹನಿಯ ಹಾಗೆ ಕೇಳುತ್ತಿತ್ತು.

ನಾನು ಆಡಿದೆ. ಹಸಿರು ಟ್ಯಾಂಕು ಹಕ್ಕಿಯ ಪಕ್ಕದಲ್ಲಿ ನಿಂತಿತ್ತು, ಅವರು ನನ್ನ ಪಕ್ಕದಲ್ಲಿ ಕೂತಿದ್ದರು. ನೀಲಿ ನೀರು ಬಂತು. ಈ ಸಲ ಸ್ವಿಚ್ಚಿಗೆ ಕೈ ಹಾಕಲಿಲ್ಲ.

"ನೇತ್ರಾವತಿಯಾ?"

"ಹೌದು."

"ನಾನು ಎಲ್ಲಿದ್ದೇನೆ?"

"ಇಲ್ಲೇ ಇದ್ದೀರಿ, ಹಕ್ಕಿಯ ಹತ್ತಿರ."

ದಾಟಿದೆ. ಹೇಳಿದರೆ ನಂಬುತ್ತೀರೋ ಇಲ್ಲವೋ, ಅಷ್ಟು ಸುಲಭದಲ್ಲಿ ದಾಟಿದೆ. ಟ್ಯೂನು ಬಂತು. ಅವರು ಮುಂದೆ ಬಾಗಿ ಕೇಳಿದರು, "ಆಚೆ ಎಂತ ಉಂಟು?"

ನೋಡಿದೆ. ಮೊದಲಿನ ಹಾಗೆಯೇ ಅಂಗಳ, ಗೋಡೆ, ಗೂಡು.

"ಪುನಃ ಇಟ್ಟಿಗೆ."

"ಇಟ್ಟಿಗೆಯಾ?" ಅವರು ಹಿಂದಕ್ಕೆ ಸರಿದು ಕೂತರು. "ಇದಕ್ಕಾ ಜಮೀಲಾ, ನಾವು ಇಷ್ಟು ವರ್ಷ ಕಾದದ್ದು?"

ಆಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ. ಕಣ್ಣಿನ ನಂತರ ಕಿಡ್ನಿ. ಆಸ್ಪತ್ರೆಯ ಮಂಚದ ಪಕ್ಕ ಕೂತಿರುವಾಗ ನನ್ನ ಹೆಬ್ಬೆರಳು ಸೆರಗಿನ ಒಳಗೆ ಸುಮ್ಮನೆ ಆಡುತ್ತಿತ್ತು. ಒಬ್ಬರ ಲೈಫ್ ಮುಗಿದರೆ ಮತ್ತೊಬ್ಬರದ್ದು ತೆಗೆದುಕೊಳ್ಳುವ ಬಟನು ಆ ಆಟದಲ್ಲಿ ಮಾತ್ರ ಉಂಟು.

ಸಿಸ್ಟರ್ ಫಿಲೋಮಿನಾ ಈಗ ವರಾಂಡದಲ್ಲಿ ಎದುರು ಬಂದು, "ಜಮೀಲಾ, ವಾಸ್ ಇಟ್ ಎ ವೇಸ್ಟ್?" ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೆಯ ಇಂಗ್ಲಿಷಿನಲ್ಲಿ ಉತ್ತರವಿಲ್ಲ. ಒಬ್ಬಳೇ ಆಡಿದ ಆ ಸಾವಿರ ಮಧ್ಯಾಹ್ನಗಳು ವೇಸ್ಟೇ ಇರಬೇಕು. ಅಷ್ಟು ಹೊತ್ತಿನಲ್ಲಿ ನಾನು ಹೊಲಿಗೆ ಕಲಿಯಬಹುದಿತ್ತು, ಬಿ.ಎ. ಕಟ್ಟಬಹುದಿತ್ತು. ಆದರೆ ಇಬ್ಬರು ಆಡಿದ ಆ ಒಂದು ರಜೆಯನ್ನು ತೆಗೆದುಬಿಟ್ಟರೆ, ನಾನು ಯಾರ ಹೆಂಡತಿಯಾಗಿದ್ದೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ರುಬೀನಾ ಸ್ಟೂಲಿನ ಮೇಲೆ ಇನ್ನೂ ಕಾಯುತ್ತಿದ್ದಳು. ಅವಳ ಗಂಡ, ನಮ್ಮ ನೌಫಲ್, ಈಗ ಗಲ್ಫಿನಲ್ಲಿ. ಬರುವುದು ಮುಂದಿನ ವರ್ಷ.

"ಉಮ್ಮಾ, ಇನ್ನೊಂದು ಎಲ್ಲಿ? ಜೋಡಿ ಇರುತ್ತದಲ್ಲ ಇದು?"

"ಅದು ನನ್ನದು. ಸವೆದು ಹೋಯಿತು, ಬಿಸಾಡಿದೆ."

ಅವಳು ಪ್ಲಾಸ್ಟಿಕ್ ತೊಟ್ಟೆ ಬಿಚ್ಚಿ, ವಯರು ಬಿಡಿಸಿ, ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು. "ಯಾ ಅಲ್ಲಾ! ಇದು ಹೊಸದರ ಹಾಗೆಯೇ ಉಂಟಲ್ಲ ಉಮ್ಮಾ. ಒಂದು ಗೀರು ಕೂಡ ಬಿದ್ದಿಲ್ಲ. ಎಷ್ಟು ಚಂದ ಇಟ್ಟಿದ್ದೀರಿ!"

"ಇಲ್ಲಿ ಕೊಡು" ಅಂದೆ.

ಕೈಗೆ ತೆಗೆದುಕೊಂಡು ಬಟನು ಒತ್ತಿ ನೋಡಿದೆ. ಗಟ್ಟಿಯಾಗಿಯೇ ಇತ್ತು.